ಒಂದು ಕಾಳು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ
ಮನುಷ್ಯರಿಗಿಂತ ಮೊದಲು ಹೊಗೆ ಏಳುತ್ತದೆ.
ಖಮರುನ್ನಿಸಾ ಖಾಲಾ ಬಾಣಲೆಯ ಮರಳಿಗೆ
ಒಂದೇ ಒಂದು ಕಾಳು ಎಸೆದು
ಕಿವಿಗೊಟ್ಟು ನಿಲ್ಲುತ್ತಾಳೆ.
"ಸುರಿ ಖಾಲಾ, ಸಾವುಕಾರ ಬಂದಾನು" ಅಂದರೆ
"ತಡಿ, ಮರಳು ಹೂಂ ಅನ್ಲಿ."

ಭತ್ತವಾಗಿ ನೆನೆದು, ಬೆಂದು, ಬಿಸಿಲಲ್ಲಿ ಬಿದ್ದು,
ಮಿಲ್ಲಿನಲ್ಲಿ ಸಿಪ್ಪೆ ಕಳಚಿಕೊಂಡು
ಉಪ್ಪುನೀರು ಕುಡಿದು ಬಂದ ಅಕ್ಕಿ.
ಅರಳುವುದು ಮಾತ್ರ
ಚಿಟಿಕೆ ಹೊಡೆಯುವಷ್ಟು ಹೊತ್ತು.
ಹಸಿಬಿಸಿಯಲ್ಲೇ ಸುರಿದರೆ
ಹಲ್ಲಿಗೆ ಕಲ್ಲು.

ನಾನು ಕಂತಿನ ಬೈಕು ತಂದವನು,
ಕೈಯಿಂದ ಒಂದು ರೂಪಾಯಿ ಹಾಕದೆ
ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿ.
ನಾಲ್ಕು ತಿಂಗಳು ಪಿ.ಬಿ. ರೋಡಿನ ಗಾಳಿಯೆಲ್ಲ ನನ್ನದೇ.
ಐದನೆಯ ತಿಂಗಳು ಇಬ್ಬರು ಬಂದು,
ಬಲು ಮರ್ಯಾದೆಯಿಂದ, ಕೀಲಿ ಇಸಕೊಂಡರು.
ಈಗ ಈ ಜರಡಿ ನನ್ನದು.

ಖಾಲಾ ಚೀಟಿ ಕಟ್ಟುತ್ತಾಳೆ, ವಾರಕ್ಕೆ ಐವತ್ತು,
ಹಲ್ಲಿನ ಸೆಟ್ಟಿಗೆ.
ಮೂವತ್ತು ವರ್ಷ ಊರಿಗೆಲ್ಲ ಮಂಡಕ್ಕಿ ಹುರಿದವಳಿಗೆ
ಒಮ್ಮೆ ಮೆಣಸಿನಕಾಯಿ ಜೊತೆ
ಕರುಂ ಕುರುಂ ಅಂತ ತಾನೇ ತಿನ್ನಬೇಕು.
ಎರಡು ಸಲ ಗಂಟು ಬಿಚ್ಚಿದ್ದಾಳೆ:
ಮೊಮ್ಮಗಳ ಜ್ವರಕ್ಕೊಮ್ಮೆ,
ಇನ್ನೊಮ್ಮೆ, ನಗುತ್ತ ಹೇಳಿದಳು, ಜರಿಯಂಚಿನ ಸೀರೆಗೆ.
ಮತ್ತೆ ಮೊದಲಿಂದ.

"ಇನ್ನೂ ಎಷ್ಟು ಕಾಯೋದು ಖಾಲಾ?"
ಬಿಸಿ ಕಾಳೊಂದನ್ನು ನಾಲಿಗೆಯಲ್ಲೇ ಕರಗಿಸುತ್ತ ಅಂದಳು:
"ಮರಳೂ ಕಾಯ್ತದೆ, ನಾನೂ ಕಾಯ್ತೀನಿ.
ಸುಮ್ನೆ ಕೂತಿದೀವೇನೋ ಇಬ್ರೂ?
ಹೊಟ್ಟು ಹಾಕು, ಉರಿ ಇಳೀತು."

ಹೊಟ್ಟು ಹಾಕಿದೆ.
ಆಮೇಲೆ, ಅವಳು ಹೇಳದಿದ್ದರೂ,
ಒಂದು ಕಾಳು ಎಸೆದು
ಕಿವಿಗೊಟ್ಟೆ.