ಹೊಸೆದ ಜೋಡಿ

ಈ ಕಣಿವೆಯಲ್ಲಿ ಗಾಳಿಗೆ ಮಾತು ಬಿಡುವಂತಿಲ್ಲ.
ಗುಡ್ಡದಾಚೆ ಬಿಳಿ ಬೋಗುಣಿಯೊಂದು
ಆಕಾಶಕ್ಕೆ ಕಿವಿಗೊಟ್ಟು ಕೂತಿದೆ.
ಅದರ ನಿಶ್ಶಬ್ದ ಕೆಡಬಾರದೆಂದು
ವೆಸ್ಟ್ ವರ್ಜೀನಿಯಾದ ನಾವೊಂದಿಷ್ಟು ಜನ
ಇನ್ನೂ ತಾಮ್ರದಲ್ಲೇ ಮಾತಾಡುತ್ತೇವೆ.
ಹಾಗಾಗಿ ನನಗೆ ಕೆಲಸವಿದೆ.

ಓರ್ಫಾ ಮೇಲಿನ ಮಹಡಿ, ಡೆಲ್ಫಿಯಾ ಕೆಳಗೆ.
ಅಕ್ಕತಂಗಿಯರು. ಎಣ್ಣೆ ಸೀಗೆಕಾಯಿ.
ಹೊಲಿಗೆ ಯಂತ್ರವೊಂದರ ಪಾಲಿನಿಂದ ಶುರುವಾದದ್ದಂತೆ,
ಯಂತ್ರ ತುಕ್ಕು ಹಿಡಿದೇ ಹನ್ನೊಂದು ವರ್ಷ.
"ಅವಳದೊಂದು ಲೈನು, ನನ್ನದೊಂದು.
ನನ್ನ ಒಂದಕ್ಷರ ಅವಳ ಕಿವಿಗೆ ಬಿದ್ದರೂ
ನಿನಗೆ ಒಂದು ಡಾಲರಿಲ್ಲ, ಎರ್ಸೆಲ್."
ಇಬ್ಬರೂ ಇದನ್ನೇ ಹೇಳಿದರು,
ಬೇರೆ ಬೇರೆ ಬಾಗಿಲಲ್ಲಿ ನಿಂತು.

ಗೋಡೆಯೊಳಗೆ ಅವರಪ್ಪ ಎಳೆದ ತಂತಿ:
ಚಪ್ಪಟೆ, ರಿಬ್ಬನ್ನಿನ ಹಾಗೆ. ನಾಲ್ಕು ಎಳೆ.
ಕೆಂಪು ಹಸಿರು ಒಂದು ಲೈನಿಗೆ,
ಕಪ್ಪು ಹಳದಿ ಇನ್ನೊಂದಕ್ಕೆ.
ಹೀಗೆ ಒತ್ತೊತ್ತಾಗಿ ನೆಟ್ಟಗೆ ಮಲಗಿದರೆ
ಒಂದರ ಮಾತು ಇನ್ನೊಂದಕ್ಕೆ ಸೋರುತ್ತದೆ,
ತೆಳ್ಳಗೆ, ಪಕ್ಕದ ಕೋಣೆಯ ಗೊಣಗಿನಷ್ಟು.
ಬೇಕಾದ್ದು ಹೊಸೆದ ಜೋಡಿ.
ಬತ್ತಿ ಹೊಸೆದಂತೆ ಎರಡೆರಡು ಎಳೆ ಸುತ್ತಿಕೊಂಡರೆ
ಅವುಗಳ ಗುಟ್ಟು ಅವುಗಳಲ್ಲೇ ಉಳಿಯುತ್ತದೆ.

ಸುಳ್ಳೇಕೆ, ಹೊಸ ಸುರುಳಿ ಕೈಯಲ್ಲಿ ಹಿಡಿದು
ಹಳೆಯದನ್ನೇ ಬಿಟ್ಟುಬಿಡೋಣ ಅಂದುಕೊಂಡೆ.
ರಾತ್ರಿ ಒಬ್ಬಳು ಡಾಕ್ಟರಿಗೆ ಮಂಡಿನೋವು ಹೇಳುವಾಗ
ಇನ್ನೊಬ್ಬಳಿಗೆ ಅರ್ಧ ಕೇಳಲಿ,
ಸೋರಿಕೆಯೂ ಒಂದು ದಾರಿಯೇ ಅಲ್ಲವೇ.
ಆಮೇಲೆ ಹಳೇ ಹೊದಿಕೆಯನ್ನು ಬೆರಳಲ್ಲಿ ಒತ್ತಿದೆ.
ಬಿಸ್ಕತ್ತಿನ ಹಾಗೆ ಪುಡಿಯಾಯಿತು.
ಮೇಲಾಗಿ ಪುಣ್ಯಾತ್ಮ ಅದನ್ನು ದೀಪದ ಕರೆಂಟು ಹೋಗುವ
ಕೊಳವೆಯೊಳಗೇ ತೂರಿಸಿದ್ದ,
ಇನ್ನೊಂದು ತೂತು ಕೊರೆಯಲು ಸೋಮಾರಿತನ.
ಮನೆ ಸುಟ್ಟ ಮೇಲೆ ರಾಜಿ ಯಾರ ನಡುವೆ?
ಕಿತ್ತೆ. ಪೂರ್ತಿ ಕಿತ್ತೆ.
ಕರೆಂಟಿನಿಂದ ಗೇಣು ದೂರದಲ್ಲಿ ಹೊಸ ದಾರಿ ಕೊರೆದೆ.

ಎರಡನೇ ದಿನ ಮಧ್ಯಾಹ್ನ ಗುಡುಗಿತು,
ಎಲ್ಲೋ ದೂರದ ಬೆಟ್ಟದ ನೆತ್ತಿಯಲ್ಲಿ.
ಇಕ್ಕಳ ಕೆಳಗಿಟ್ಟೆ.
ಮಿಂಚಿಗೆ ಮೈಲಿಯ ಲೆಕ್ಕವಿಲ್ಲ,
ಕಂಬದಿಂದ ಕಂಬಕ್ಕೆ ಓಡಿ ಬರುತ್ತದೆ.
ಇದನ್ನು ನನಗೆ ಕಲಿಸಿದವನು ಡರ್ವುಡ್,
ಒಂದು ಸಂಜೆ ತಾನೇ ಮರೆತವನು.
ಅವನ ಬಲಗೈಯ ಮೂರು ಬೆರಳಿಗೆ ಬಿಸಿ ತಣ್ಣನೆ ತಿಳಿಯದು.
ಮೆಟ್ಟಿಲ ಮೇಲೆ ಕೂತೆ.
ಮೇಲಿಂದ ಓರ್ಫಾ ಕಾಫಿ ತಂದಳು,
ಕೆಳಗಿಂದ ಡೆಲ್ಫಿಯಾ ಕಾಫಿ ತಂದಳು,
ನಡುವೆ ನಾನು, ಎರಡು ಲೋಟ.
ಎರಡರಲ್ಲೂ ಸಕ್ಕರೆ ಒಂದೇ ಅಳತೆ, ವಿಪರೀತ.

ಮೂರನೇ ದಿನ ಉಳಿದದ್ದು ಓರ್ಫಾಳ ಗೋಡೆ.
ಹೊರಗಿನ ಬೂದು ಪೆಟ್ಟಿಗೆಯಲ್ಲಿ
ಅವಳ ಲೈನಿನ ಪ್ಲಗ್ಗು ಕಿತ್ತು ನೇತುಬಿಟ್ಟಿದ್ದೆ.
ಸುಮ್ಮನಿರುವಾಗ ತಂತಿಯಲ್ಲಿ ನಲವತ್ತೆಂಟು ವೋಲ್ಟು,
ಒಣ ಕೈಗೆ ಗೊತ್ತೂ ಆಗುವುದಿಲ್ಲ.
ಗಂಟೆ ಬಾರಿಸುವಾಗ ತೊಂಬತ್ತು.
ಪ್ಲಗ್ಗೇ ಇಲ್ಲ, ಗಂಟೆ ಎಲ್ಲಿಯದು,
ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡು
ಬರಿಗೈಯಲ್ಲಿ ಎರಡೂ ಎಳೆ ಹಿಡಿದೆ.

ತೊಂಬತ್ತು ಬಂತು.

ಮೊಣಕೈವರೆಗೆ. ಸ್ಕ್ರೂ ಎತ್ತಲೋ ಹಾರಿತು.
ಬಾಯಿಗೆ ಬಂದದ್ದೆಲ್ಲ ಬೈದು
ಕಿಟಕಿಯಿಂದ ಬಗ್ಗಿ ನೋಡಿದರೆ
ಪೆಟ್ಟಿಗೆಯ ಮುಚ್ಚಳ ತೆರೆದಿದೆ, ಪ್ಲಗ್ಗು ತನ್ನ ಜಾಗದಲ್ಲಿ.
ಒದ್ದೆ ಹುಲ್ಲಿನಲ್ಲಿ ಡೆಲ್ಫಿಯಾಳ ಚಪ್ಪಲಿ ಗುರುತು,
ನಡೆದು ಹೋದದ್ದೊಂದು ಸಾಲು,
ಓಡಿ ಬಂದದ್ದೊಂದು.

ಪರೀಕ್ಷೆಯ ಫೋನಿನ ಚಿಮಟಿಗಳನ್ನು ಎಳೆಗಳಿಗೆ ಕಚ್ಚಿಸಿ
ಓರ್ಫಾಳ ಕೈಗಿಟ್ಟೆ.
ಆ ದನಿ ನನಗೂ ಕೇಳಿತು,
ತಂತಿಯಿಂದಷ್ಟು, ನೆಲದ ಹಲಗೆಯ ಸಂದಿಯಿಂದಷ್ಟು:
"ಬೀನ್ಸಿಗೆ ಅಮ್ಮ ಹಾಕುತ್ತಿದ್ದದ್ದು
ಕಾಕಂಬಿಯೋ, ಸಕ್ಕರೆಯೋ?"
ಓರ್ಫಾ ಬಹಳ ಹೊತ್ತು ಸುಮ್ಮನಿದ್ದಳು.
"ಕಾಕಂಬಿ," ಅಂದಳು.
ಫೋನು ಕೆಳಗಿಡಲು ಜಾಗ ಹುಡುಕುತ್ತ,
"ಒಂದೇ ಚಮಚ," ಅಂದಳು.

ಈಗ ಪೆಟ್ಟಿಗೆಗೆ ಬೀಗ ಹಾಕದೆ ತಂತಿ ಮುಟ್ಟುವುದಿಲ್ಲ,
ಬೀಗದ ಕೈ ನನ್ನ ಜೇಬಿನಲ್ಲಿ.
ಆ ಸ್ಕ್ರೂ ಸಿಗಲೇ ಇಲ್ಲ.
ಓರ್ಫಾಳ ಸಾಕೆಟ್ಟು ಗೋಡೆಯ ಮೇಲೆ
ಒಂದೇ ಸ್ಕ್ರೂ ಹಿಡಿದು
ತುಸು ವಾರೆಯಾಗಿ ನಿಂತಿದೆ.