ಉಪ್ಪಿನ ಲೆಕ್ಕ

ನವೆಂಬರಿನಿಂದ ಮಾರ್ಚಿಯವರೆಗೆ
ವಿಲ್ಯಾಂಡಿಯ ರಸ್ತೆಗೆ ಉಪ್ಪು ಎರಚುವವಳು ನಾನು.
ರಾತ್ರಿ ಎರಡಕ್ಕೆ ಎದ್ದು
ಲಾರಿಯ ಮೂತಿಗೆ ಹಿಮ ದೂಡುವ ಹಲಗೆ ಬಿಗಿದು
ಗಂಟೆಗೆ ಮೂವತ್ತೈದು. ಅದರ ಮೇಲೆ ಹೋಗುವಂತಿಲ್ಲ.
ಹನ್ನೊಂದು ಚಳಿಗಾಲ ಹೀಗೇ,
ಬೆನ್ನ ಹಿಂದೆ ಸಾಲುಗಟ್ಟಿದವರ ಹಾರ್ನು ಕೇಳುತ್ತ.

ಈ ಬೇಸಿಗೆಗೆ ನನಗೊಂದು ಕಾರು ಬೇಕು:
ಎರಡೇ ಸೀಟು, ಬಿಚ್ಚುವ ಚಾವಣಿ,
ನೆಲಕ್ಕೆ ಹೊಟ್ಟೆ ತಾಗುತ್ತದೋ ಎನ್ನುವಷ್ಟು ತಗ್ಗು.
ಬಿಸ್ಕತ್ತಿನ ಡಬ್ಬಿಯಲ್ಲಿ ಒಂಬತ್ತು ಸಾವಿರ ಯೂರೋ.
ಜೊತೆಗೆ ಭಾವ ಹೇಯ್ನೊ, ಅವನ ಜೇಬಿನಲ್ಲಿ
ಕಾಲುಚೀಲದಲ್ಲಿ ಸುತ್ತಿದ ಒಂದು ಅಯಸ್ಕಾಂತ.

ಮೊದಲು ಪ್ಯಾರ್ನುವಿಗೆ ಹೋದೆವು.
ಹಲ್ಲಿನ ಡಾಕ್ಟರು ರೈವೊ ಶೆಡ್ಡಿನ ಬಾಗಿಲೆತ್ತಿದರು.
ಕೆಂಪು. ಹದಿನಾರು ವರ್ಷ. ನಲವತ್ತೊಂದು ಸಾವಿರ ಕಿಲೋಮೀಟರು.
ಹನ್ನೆರಡು ಸಾವಿರದ ಎಂಟುನೂರು.
ದಾನದ ಹಸುವಿನ ಹಲ್ಲು ಎಣಿಸಬಾರದು,
ಇದು ದುಡ್ಡು ಕೊಡುವ ಹಸು, ಎಣಿಸು ಎಂದು
ಹೇಯ್ನೊ ಹಲ್ಲಿನ ಡಾಕ್ಟರ ಎದುರೇ ಅಂದುಬಿಟ್ಟ.
ನಾನು ಮನಸ್ಸಿನಲ್ಲೇ ಭಾಗಿಸಿದೆ:
ದಿನಕ್ಕೆ ಏಳು ಕಿಲೋಮೀಟರು.
ನಾಯಿಯನ್ನೂ ಇದಕ್ಕಿಂತ ದೂರ ಕರೆದೊಯ್ಯುತ್ತಾರೆ.
ಟೈರಿನ ಮೈಯಲ್ಲಿ ಒಣಗಿದ ಕೆರೆಯ ಬಿರುಕು,
ರಬ್ಬರು ಬೆರಳಿಗೆ ಪುಡಿಯಾಯಿತು,
ಸೀಟಿನಡಿ ಇಲಿಯ ವಾಸನೆ.
'ಮುಂದಿನ ಬೇಸಿಗೆಗೆ ಓಡಿಸೋಣ ಅಂತಲೇ...'
ರೈವೊ ಮಾತು ಮುಗಿಸಲಿಲ್ಲ.
ಬಣ್ಣ ಮಾತ್ರ, ಅಯ್ಯೋ, ಆ ಬಣ್ಣ!
ಮಗ್ಗುಲಲ್ಲಿ ನನ್ನ ಮುಖ ಕಂಡಿತು, ಹತ್ತು ವರ್ಷ ಚಿಕ್ಕದಾಗಿ.
ಸಾಲ ಎಷ್ಟು ಸಿಕ್ಕೀತು ಎಂದು ಆಗಲೇ ಯೋಚಿಸುತ್ತಿದ್ದೆ.

ಎರಡನೆಯದು ನೀಲಿ, ವಿಲ್ಯಾಂಡಿಯಾಚೆಯ ಹಳ್ಳಿಯಲ್ಲಿ.
ಎರಡು ಲಕ್ಷದ ಮೂವತ್ತೆಂಟು ಸಾವಿರ.
ಐದು ಸಾವಿರದ ಇನ್ನೂರು.
ಒಡೆಯ ಕಾಲ್ಯು, ಶಾಲೆಶಾಲೆ ತಿರುಗಿ
ಪಿಯಾನೋಗೆ ಶ್ರುತಿ ಕೂಡಿಸುವವನು.
ಎಣ್ಣೆ ಬದಲಿಸಿದ ಪ್ರತಿ ತಾರೀಖೂ ನೋಟ್‌ಬುಕ್ಕಿನಲ್ಲಿ,
ಪಕ್ಕದಲ್ಲೇ ಆ ದಿನ ಯಾವ ಊರಿನ ಪಿಯಾನೊ,
ಯಾವ ತಂತಿ ಹರಿದಿತ್ತು.
ಇಂಜಿನ್ನು ಶುರು ಮಾಡಿ ತಲೆ ವಾಲಿಸಿ ನಿಂತ.
'ಮೂರನೆಯ ಸಿಲಿಂಡರು ಒಂಚೂರು ಇಳಿದಿದೆ,
ಕೇಳಿಸಿತೇ?' ನನಗೇನೂ ಕೇಳಿಸಲಿಲ್ಲ.
ಹೌದು ಎಂದೆ.

ಬೆಲೆಯ ಅಂತರವನ್ನು ದೂರದ ಅಂತರದಿಂದ ಭಾಗಿಸಿದರೆ
ಕಿಲೋಮೀಟರಿಗೆ ನಾಲ್ಕು ಸೆಂಟೂ ಆಗುವುದಿಲ್ಲ.
ಓಡಿದ್ದಕ್ಕೆ ಇಷ್ಟೇ ದಂಡ!
ಓಡದೆ ನಿಂತದ್ದರ ಬೆಲೆ ಯಾವ ಮೀಟರೂ ತೋರಿಸುವುದಿಲ್ಲ.
ಆದರೂ ಕೈ ಹಿಂಜರಿಯಿತು,
ಎರಡು ಲಕ್ಷ ಎಂದರೆ ಎರಡು ಲಕ್ಷವೇ ತಾನೇ.
ಬೆಲ್ಟು, ಕ್ಲಚ್ಚು, ಸವೆದ ಪೆಡಲು,
ಇನ್ನೊಬ್ಬರ ಪೃಷ್ಠದ ಅಚ್ಚು ಬಿದ್ದ ಸೀಟು.

ಹೇಯ್ನೊನ ಅಯಸ್ಕಾಂತ ಬಾಗಿಲ ಕೆಳಗೆ
ಒಂದು ಗೇಣು ಜಾಗದಲ್ಲಿ ಅಂಟಲಿಲ್ಲ.
ಬಣ್ಣದಡಿ ಪುಟ್ಟಿ, ಪುಟ್ಟಿಯಡಿ ತುಕ್ಕು.
ಕಾಲ್ಯು ನಾಚಿದ. 'ಚಳಿಗಾಲದಲ್ಲೂ ಓಡಿಸಿದೆ.
ಈ ರಸ್ತೆಗೆ ಉಪ್ಪು ಸುರಿಯುವವರಿಗೆ
ಅಳತೆ ಅನ್ನುವುದೇ ಗೊತ್ತಿಲ್ಲ.'
ಹೇಯ್ನೊ ನನ್ನತ್ತ ನೋಡಿದ.
ನಾನು ಆಕಾಶ ನೋಡಿದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದದ್ದು ಕಾರು. ಉಣಿಸಿದವಳಿಗೆ ಏನಂತೆ?

'ತುಕ್ಕಿಗೆ ಮುನ್ನೂರು ಇಳಿಸಿ' ಎಂದೆ.
ಇಳಿಸಿದ, ಪಾಪ.
ನೋಟ್‌ಬುಕ್ಕನ್ನೂ ಕೊಟ್ಟ, ಪೆನ್ಸಿಲಿನ ಸಮೇತ.

ಚಾವಣಿ ಮಡಚಿ ಹೊರಟೆ.
ಎರಡೂ ಕಡೆ ರೇಪ್‌ಸೀಡಿನ ಹಳದಿ ಹೊಲ,
ಕೂದಲೆಲ್ಲ ಗಾಳಿಗೆ.
ಹಿಂದೆ ಯಾರೋ ಹಾರ್ನು ಒತ್ತಿದರು,
ಮತ್ತೆ ಒತ್ತಿದರು.
ಮುಳ್ಳು ನೋಡಿಕೊಂಡೆ:
ಮೂವತ್ತೈದು.