ಸಿಳ್ಳೆಗೆ ಮುನ್ನೂರು

ಬೆಳಗಿನ ಜಾವ ಐದಕ್ಕೆ ಟೆಂಪೋ ಬಂತು.
ಹನಕೆರೆ ಗೇಟಿನಲ್ಲಿ ಹನ್ನೊಂದು ಜನ, ಕಲ್ಲಹಳ್ಳಿಯಲ್ಲಿ ಆರು.
ಬೋರಲಿಂಗ ಪಟ್ಟಿ ಹಿಡಿದು ಕೂಗಿದ:
ಸಿಳ್ಳೆಗೆ ಮುನ್ನೂರು. ಕುಣಿಯೋರ್ಗೆ ಮುನ್ನೂರೈವತ್ತು.
ಅಳೋರ್ಗೆ ಐನೂರು, ಹೆಂಗಸ್ರಾದ್ರೆ ಇನ್ನೂರು ಜಾಸ್ತಿ.
ಹೀರೋ ಹೆಸ್ರು ಬಾಯಿಪಾಠ ಮಾಡ್ಕಳ್ರಲಾ,
ಹೋದ್ಸಲ ಯಾವನೋ ಇನ್ನೊಬ್ಬನಿಗೆ ಜೈ ಅಂದ್ಬುಟ್ಟಿದ್ದ.

ನೂರಡಿ ರಸ್ತೆಯಲ್ಲಿ ನಲವತ್ತಡಿ ಕಟೌಟು.
ಮುಖ ಯಾರದೋ; ನಾವು ‘ನಮ್ಮ ಹೈದ’ ಅನ್ನಬೇಕಿತ್ತು.
ಕ್ಯಾನು ಹೊತ್ತು ಏಣಿ ಹತ್ತಿದೆ.
ತೂಕ ಹಾಲಿನದಲ್ಲ,
ಡೇರಿಗೆ ದಿನಾ ಹೊರುವ ಹೆಗಲಿಗೆ ಅಷ್ಟು ಗೊತ್ತಾಗುತ್ತೆ.
ಮುಚ್ಚಳ ತೆಗೆದರೆ ಮೈದಾ ಕಲಸಿದ ನೀರು.
‘ಕ್ಯಾಮೆರಾಕ್ಕೆ ಬೆಳ್ಳಗಿದ್ರಾಯ್ತು, ಉಯ್ಯಿ.’
ಉಯ್ದೆ.
ಕೆಳಗೊಂದು ನಾಯಿ ಓಡಿಬಂದು
ಮೂಸಿತು, ತಲೆಯೆತ್ತಿ ನನ್ನನ್ನೊಮ್ಮೆ ನೋಡಿತು,
ಚರಂಡಿ ಪಕ್ಕ ಹೋಗಿ ಮಲಗಿತು.

ಒಳಗೆ ಎಲ್ಲ ನಮ್ಮವರೇ.
ಬೋರಲಿಂಗನ ಟಾರ್ಚು ಎರಡು ಸಲ ಮಿಣುಕಿದರೆ
ದೇವರು ಮೈಮೇಲೆ ಬಂದ ಹಾಗೆ ಕುಣಿಯಬೇಕು.
ಕಾಸು ಕೊಟ್ಟು ಬಂದವನು ಒಬ್ಬನಿದ್ದ, ಮೂಲೆಯಲ್ಲಿ.
ನಮ್ಮ ಗದ್ದಲದಲ್ಲಿ ಮಾತೇ ಕೇಳಿಸುತ್ತಿಲ್ಲ ಎಂದು
ಇಂಟರ್‌ವಲ್ಲಿಗೆ ಎದ್ದು ಹೋದ.

ಹೊರಗೆ ಮೈಕು. ಸಣ್ಣತಾಯಮ್ಮನ ಸರದಿ.
ಸತ್ತ ಮಗನ್ನ ಕಂಡಂಗಾಯ್ತು ಅನ್ನು, ಅಳು, ಅಷ್ಟೇ.
ಅಂದಳು. ಅತ್ತಳು.
ಮೈಕಿನ ಹುಡುಗಿ ಸಾಕಮ್ಮ ಅಂದಳು,
ಬೋರಲಿಂಗ ಸಾಕಕ್ಕ ಅಂದ,
ನಿಲ್ಲಲಿಲ್ಲ.
ಸೈಕಲ್ ಸ್ಟ್ಯಾಂಡಿನ ಧೂಳಲ್ಲಿ ಕುಸಿದು ಕೂತು
ಕೆಂಪರಾಜೂ, ಕೆಂಪರಾಜೂ ಅಂತ ಕರೆಯತೊಡಗಿದಳು.
ಹೀರೋ ಹೆಸರು ಅದಲ್ಲ.
ಯಾರಿಗೂ ಅವಳ ಮುಖ ನೋಡಲಾಗದೆ
ಬಿರಿಯಾನಿ ಪೊಟ್ಟಣ ಬಿಚ್ಚುವುದರಲ್ಲಿ ಮುಳುಗಿದೆವು.

ವಾಪಸ್ಸು ಬರುವಾಗ ಏಳುನೂರು ಎಣಿಸಿ
ಸೆರಗಿನ ತುದಿಗೆ ಗಂಟು ಹಾಕಿ ಕೇಳಿದಳು:
‘ನಾಳೀಕೂ ಅದಾ?’

ರಾತ್ರಿ ನನ್ನ ಹೆಂಡತಿ ಮೊಬೈಲು ಹಿಡಿದು
ಕಣ್ಣು ಒರೆಸಿಕೊಳ್ಳುತ್ತಿದ್ದಳು.
‘ನೋಡಿಲ್ಲಿ, ಆ ತಾಯಿ ಎಂಗೆ ಅತ್ತವ್ಳೆ.
ಕೊಡಗಟ್ಲೆ ಹಾಲು ಬೇರೆ ಉಯ್ತಾವ್ರೆ,
ಏಣಿ ಮ್ಯಾಲೆ ಯಾವನೋ, ಬೆನ್ನು ಮಾತ್ರ ಕಾಣ್ತದೆ.
ಚೆನ್ನಾಗೇ ಇರಬೇಕು ಪಿಚ್ಚರ್ರು. ಹೋಗನಾ?’
ಕೆಂಪರಾಜುವನ್ನು ಕತ್ತರಿಸಿದ್ದರು.
ಹೂಂ ಅಂದೆ. ಇನ್ನೇನು ಅನ್ನಲಿ.

ಭಾನುವಾರ. ಟಿಕೆಟ್ಟು ತಲೆಗೆ ನೂರೈವತ್ತು.
ಹೀರೋ ಬಂದ. ಯಾರದೋ ಟಾರ್ಚು ಎರಡು ಸಲ ಮಿಣುಕಿತು.
ಬೆರಳು ತಾನಾಗಿ ತುಟಿಗೆ ಹೋಯಿತು; ಇಳಿಸಿದೆ.
ಕತ್ತಲಲ್ಲಿ ಅವಳು ಮೊಣಕೈಯಿಂದ ತಿವಿದಳು:
‘ಹೊಡಿ, ಒಂದು ಸಿಳ್ಳೆ. ನಾಚ್ಕೆ ಯಾಕೆ?’